ಅವರ ಮಾತು ಅವರ ಬಾಯಲ್ಲೇ ಬರಲಿ

(ಸಂಘದ ಸಂಸ್ಥಾಪನಾ ದಿನಾಚರಣೆಯಂದು ಮಾಡಿದ ಭಾಷಣದ ಪಾಠ)



ಸಂಘದ ಹುಟ್ಟುಹಬ್ಬದ ದಿನ ನಾಟಕದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ನಮ್ಮನ್ನು ಕೇಳಿದರು. ಗುಬ್ಬಿ ಕಂಪನಿಯಿಂದ ಹೊರಟು ಬಿ. ವಿ. ಕಾರಂತರವರೆಗೆ ಬಂದು, ಒಂದೆರಡು ರಂಗಗೀತೆ ನೆನೆದು ಮುಗಿಸುತ್ತೇವೆ ಎಂದು ಅವರು ಎಣಿಸಿದ್ದರೇನೋ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾವು ಹೇಳಲು ನಿಂತಿರುವುದು ಬೇರೆ ಒಂದು ನಾಟಕದ ಸಂಗತಿ. ಶನಿವಾರ ಮಧ್ಯಾಹ್ನ ಒಂದು ಕಮ್ಯುನಿಟಿ ಹಾಲನ್ನು ಬಾಡಿಗೆಗೆ ಹಿಡಿದು, ಬೌದ್ಧಿಕ ವಿಕಲತೆ ಇರುವ ಎಂಟು ಮಂದಿ ವಯಸ್ಕರ ಜೊತೆಯಲ್ಲಿ ನಾವು ಕೆಲವರು ಎರಡು ವರ್ಷಗಳಿಂದ ಮಾಡುತ್ತಿರುವ ನಾಟಕ ಅದು.

"ನಾವು" ಎಂದರೆ ಯಾರು ಎಂದು ಮೊದಲೇ ಹೇಳಿಬಿಡುತ್ತೇವೆ. ನಾಲ್ಕು ಮನೆಗಳ ತಂದೆ ತಾಯಿಯರು, ಅಣ್ಣನ ಜೊತೆಗೆ ಬರುವ ಇಬ್ಬರು ತಂಗಿಯರು, ಮತ್ತು ಸಂಘದ ರಾಜ್ಯೋತ್ಸವದ ನಾಟಕಗಳಲ್ಲಿ ಬಣ್ಣ ಹಚ್ಚಿ ಅಭ್ಯಾಸವಿರುವ ಮೂವರು. ನಮ್ಮಲ್ಲಿ ಡಾಕ್ಟರುಗಳಿಲ್ಲ, ಥೆರಪಿಸ್ಟುಗಳಿಲ್ಲ. ಇದು ಚಿಕಿತ್ಸೆಯೂ ಅಲ್ಲ. ನಾಟಕ ಆಡಿದ ಮಾತ್ರಕ್ಕೆ ಯಾರ ವಿಕಲತೆಯೂ ಹೋಗುವುದಿಲ್ಲ. ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆಸರಿನ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನಲ್ಲಿ ಇದನ್ನು "ಲರ್ನಿಂಗ್ ಡಿಸೆಬಿಲಿಟಿ" ಎನ್ನುತ್ತಾರೆ, ಇಲ್ಲಿ ಆಸ್ಟ್ರೇಲಿಯಾದಲ್ಲಿ "ಇಂಟಲೆಕ್ಚುಯಲ್ ಡಿಸೆಬಿಲಿಟಿ" ಎನ್ನುತ್ತಾರೆ. ಊರಿನಲ್ಲಿ ಲರ್ನಿಂಗ್ ಡಿಸೆಬಿಲಿಟಿ ಎಂದರೆ ಓದು ಬರಹದ ತೊಂದರೆ ಎಂದೇ ಹೆಚ್ಚು ಮಂದಿ ತಿಳಿಯುತ್ತಾರೆ. ನಾವು ಹೇಳುತ್ತಿರುವುದು ಅದಲ್ಲ. ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ ಪದ "ಬುದ್ಧಿಮಾಂದ್ಯ". ಅದಕ್ಕೂ ಹಿಂದಿನ ಪದಗಳನ್ನು ಇಲ್ಲಿ ಹೇಳುವುದು ಬೇಡ. ಅವುಗಳನ್ನು ಹೇಳಿ ಜನರನ್ನು ನಗಿಸಿದ ಹಾಸ್ಯ ಪಾತ್ರಗಳು ನಮ್ಮ ಕಂಪನಿ ನಾಟಕಗಳಲ್ಲೂ ಸಿನಿಮಾಗಳಲ್ಲೂ ಬೇಕಾದಷ್ಟಿದ್ದವು. ತೊದಲುವವನು, ಹೇಳಿದ್ದು ಅರ್ಥವಾಗದವನು, ಬಾಯಿ ತೆರೆದುಕೊಂಡು ನಿಂತವನು. ಆ ಪಾತ್ರ ಮಾಡಿದವರು ಬುದ್ಧಿವಂತ ನಟರು. ನಿಜವಾಗಿ ತೊದಲುವವರಿಗೆ ರಂಗದ ಮೇಲೆ ಜಾಗವಿರಲಿಲ್ಲ, ಸಭೆಯಲ್ಲೂ ಹೆಚ್ಚಾಗಿ ಇರಲಿಲ್ಲ.

ಈಗ ಇದೆಯೇ? ನಮ್ಮ ಯುಗಾದಿ, ಗಣೇಶನ ಹಬ್ಬ, ದೀಪಾವಳಿಯ ಕಾರ್ಯಕ್ರಮಗಳನ್ನೇ ನೆನಪಿಸಿಕೊಳ್ಳಿ. ಇಂಥ ಮಗ ಅಥವಾ ಮಗಳಿರುವ ಮನೆಯವರು ಸರದಿಯ ಮೇಲೆ ಬರುತ್ತಾರೆ. ಈ ಸಲ ಅಪ್ಪ ಬಂದರೆ ಅಮ್ಮ ಮನೆಯಲ್ಲಿ, ಮುಂದಿನ ಸಲ ಅಮ್ಮ ಬಂದರೆ ಅಪ್ಪ ಮನೆಯಲ್ಲಿ. ಅಥವಾ ಮೂವರೂ ಬಂದು, ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಕೂತು, ಊಟಕ್ಕೆ ಕರೆಯುವ ಮೊದಲೇ ಎದ್ದು ಹೋಗುತ್ತಾರೆ. ಯಾರೂ ಅವರಿಗೆ ಹೋಗಿ ಎಂದು ಹೇಳುವುದಿಲ್ಲ. "ಪಾಪ, ದೇವರ ಮಕ್ಕಳು" ಎಂದು ಪ್ರೀತಿಯಿಂದಲೇ ತಲೆ ಸವರುತ್ತೇವೆ. ಹಾಗೆ ತಲೆ ಸವರಿಸಿಕೊಂಡವರಿಗೆ ನಲವತ್ತು ವರ್ಷವಾಗಿರುತ್ತದೆ.

ನಮ್ಮ ಶನಿವಾರದ ಮೊದಲ ದಿನ ಎಲ್ಲರೂ ದುಂಡಗೆ ನಿಂತು, "ನಿಮ್ಮನ್ನು ಏನೆಂದು ಕರೆಯಬೇಕು?" ಎಂದು ಒಬ್ಬೊಬ್ಬರನ್ನೂ ಕೇಳಿದೆವು. ಹೆಸರು ಹೇಳಬೇಕು, ಜೊತೆಗೆ ಕೈಯಲ್ಲೋ ಮೈಯಲ್ಲೋ ಒಂದು ಅಭಿನಯ ಮಾಡಬೇಕು. ಉಳಿದವರು ಹಾಗೆಯೇ ಮಾಡಿ ತೋರಿಸಬೇಕು. ರಂಗ ಶಿಬಿರಗಳಲ್ಲಿ ಎಲ್ಲ ಕಡೆಯೂ ಆಡಿಸುವ ಆಟ ಇದು, ಹೊಸದೇನಲ್ಲ. ಮನೆಯಲ್ಲಿ, ಬಂಧುಗಳಲ್ಲಿ, ಸಂಘದಲ್ಲಿ ಎಲ್ಲರೂ "ಪುಟ್ಟ" ಎಂದೇ ಕರೆಯುವ ಒಬ್ಬರಿದ್ದಾರೆ. ವಯಸ್ಸು ಮೂವತ್ತಾರು. ಅವರು ಎದೆಯ ಮೇಲೆ ಕೈ ಇಟ್ಟು, ನಿಧಾನವಾಗಿ, ತಮ್ಮ ಪೂರ್ತಿ ಹೆಸರನ್ನು ಹಿಂದಿನ ಎರಡು ಇನಿಷಿಯಲ್ ಸಮೇತ ಹೇಳಿದರು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ. ಅಂದಿನಿಂದ ಆ ಹಾಲಿನಲ್ಲಿ ಪುಟ್ಟ ಇಲ್ಲ.

ಆಮೇಲೆ ಏನು ಮಾಡುವುದು? ಒಂದು ನಾಟಕವನ್ನು ಆರಿಸಿ, ಮಾತು ಬಾಯಿಪಾಠ ಮಾಡಿಸಿ ಆಡಿಸುವುದು ಒಂದು ದಾರಿ. ನಮಗೆ ಅದು ಸರಿಬರಲಿಲ್ಲ. ಬಾಯಿಪಾಠವಾದ ಮಾತು ಎಷ್ಟು ಚೆನ್ನಾಗಿ ಬಂದರೂ ಅದು ನಮ್ಮ ಮಾತೇ, ಅವರದಲ್ಲ. ನಮಗೆ ನೆರವಾದದ್ದು ನಮ್ಮ ಕರಾವಳಿಯ ಯಕ್ಷಗಾನ. ಯಕ್ಷಗಾನದಲ್ಲಿ ಪ್ರಸಂಗ ಮೊದಲೇ ಗೊತ್ತು, ಪದಗಳನ್ನು ಭಾಗವತರು ಹಾಡುತ್ತಾರೆ. ಆದರೆ ಅರ್ಥ? ಅದು ಆ ರಾತ್ರಿಯ ವೇಷಧಾರಿಯ ಸ್ವಂತ ಮಾತು, ಬರೆದಿಟ್ಟದ್ದಲ್ಲ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಕೂತು ಅರ್ಥ ಹೇಳುವುದೇ ಎಲ್ಲ. ಕಥೆ ಎಲ್ಲರದು, ಮಾತು ನನ್ನದು ಎನ್ನುವ ಈ ಏರ್ಪಾಡು ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಇದೆ. ಇಲ್ಲಿನ ರಂಗಭೂಮಿಯವರು "ಡಿವೈಸಿಂಗ್" ಎಂದು ಕರೆಯುವ ಪದ್ಧತಿಗೂ ಇದಕ್ಕೂ ಬಹಳ ದೂರವಿಲ್ಲ. ಸನ್ನಿವೇಶ ಒಂದನ್ನು ಕೊಟ್ಟು, ನಟರು ಆಡುವುದನ್ನೂ ಮಾಡುವುದನ್ನೂ ಕೂಡಿಸುತ್ತ ನಾಟಕ ಕಟ್ಟುವುದು. ಮಾತು ಕಡಿಮೆ ಇರುವವರಿಗೆ ಮುಖ, ಕೈ, ನಡಿಗೆ, ಕೀ ವರ್ಡ್ ಸೈನ್ ಎಂಬ ಕೈಸನ್ನೆಗಳು, ಒಂದು ಟೋಪಿ, ಒಂದು ಕುರ್ಚಿ.

ಈ ದೇಶದಲ್ಲಿ, ನಮ್ಮ ಹಿತ್ತಲಲ್ಲೇ ಎನ್ನಬೇಕು, ಈ ಕೆಲಸವನ್ನು ಜಗತ್ತೇ ಒಪ್ಪುವ ಮಟ್ಟಕ್ಕೆ ಕೊಂಡೊಯ್ದವರು ಇದ್ದಾರೆ. ಜೀಲಾಂಗ್‌ನ ಬ್ಯಾಕ್ ಟು ಬ್ಯಾಕ್ ಥಿಯೇಟರ್ 1987ರಲ್ಲಿ ಹುಟ್ಟಿತು. ವಿಕಲತೆ ಇರುವವರನ್ನು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಕೂಡಿಡುವುದನ್ನು ಬಿಟ್ಟು ಊರೊಳಗಿನ ಮನೆಗಳಿಗೆ ಕರೆತರಲು ತೊಡಗಿದ್ದ ಕಾಲ ಅದು. ಆ ಬದಲಾವಣೆ ಬೇಗ ಆಗಲಿಲ್ಲ. ನಮ್ಮ ಮೆಲ್ಬೋರ್ನಿನ ಕ್ಯೂ ಕಾಟೇಜಸ್ 1887ರಲ್ಲಿ ತೆರೆದದ್ದು ಮುಚ್ಚಿದ್ದು 2008ರಲ್ಲಿ; ನಡುವೆ 1996ರ ಬೆಂಕಿಯಲ್ಲಿ ಅಲ್ಲಿನ ಒಂಬತ್ತು ಗಂಡಸರು ಸತ್ತರು. ಜೀಲಾಂಗ್‌ನ ತಂಡದ ನಟರು ಹವ್ಯಾಸಿಗಳಲ್ಲ, ನಾಟಕ ಮಾಡಿ ಸಂಬಳ ಪಡೆಯುವ ವೃತ್ತಿ ಕಲಾವಿದರು. 2022ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿ ಬಂತು, 2024ರಲ್ಲಿ ವೆನಿಸ್ ಬಿಯೆನಾಲೆಯ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಬಂತು.

ಅವರ "ಸ್ಮಾಲ್ ಮೆಟಲ್ ಆಬ್ಜೆಕ್ಟ್ಸ್" ಎಂಬ ನಾಟಕ 2005ರಲ್ಲಿ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ನಡೆಯಿತು. ಹೌದು, ನಾವು ದಿನಾ ರೈಲಿಗೆ ಓಡುವ ಅದೇ ಸ್ಟೇಷನ್. ಪ್ರೇಕ್ಷಕರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ನಟರು ಪ್ರಯಾಣಿಕರ ಗುಂಪಿನಲ್ಲೇ ನಿಂತು ಮಾತಾಡುತ್ತಿದ್ದರು. ಕಥೆ ಇಷ್ಟೇ. ಇಬ್ಬರು ಸ್ನೇಹಿತರು. ದೊಡ್ಡ ಕಂಪನಿಯ ಒಬ್ಬನಿಗೆ ಅವರಿಂದ ಒಂದು ಸರಕು ತುರ್ತಾಗಿ ಬೇಕು. ಆದರೆ ಸ್ನೇಹಿತರಲ್ಲಿ ಒಬ್ಬ ನಿಂತಲ್ಲಿಂದ ಕದಲುವುದಿಲ್ಲ, ಇನ್ನೊಬ್ಬ ಅವನನ್ನು ಬಿಟ್ಟು ಬರುವುದಿಲ್ಲ. ದುಡ್ಡು, ಆಸೆ, ಬೆದರಿಕೆ ಯಾವುದಕ್ಕೂ ಅವನು ಜಗ್ಗುವುದಿಲ್ಲ. ಗಟ್ಟಿಯಾಗಿ ಕೂಗದೆ, ಕಾರಣ ವಿವರಿಸದೆ, ಸುಮ್ಮನೆ ನಿಂತೇ ಬೇಡ ಎನ್ನುತ್ತಾನೆ.

ಇನ್ನೊಂದು ನಾಟಕ ನಮ್ಮ ಮನೆಯದೇ ದೇವರ ಹೆಸರಿನದು: "ಗಣೇಶ್ ವರ್ಸಸ್ ದಿ ಥರ್ಡ್ ರೈಖ್", 2011ರಲ್ಲಿ ಮೆಲ್ಬೋರ್ನಿನಲ್ಲೇ ಮೊದಲ ಪ್ರದರ್ಶನ. ನಾಜಿಗಳು ಕಸಿದುಕೊಂಡ ಸ್ವಸ್ತಿಕವನ್ನು ಮರಳಿ ತರಲು ಗಣಪತಿ ಜರ್ಮನಿಗೆ ಹೋಗುವ ಕಥೆ. ಪ್ರದರ್ಶನಕ್ಕೆ ಮೊದಲೇ ಕೆಲವು ಹಿಂದೂ ಮುಖಂಡರಿಂದ ಆಕ್ಷೇಪ ಬಂದಿತ್ತು. ನಮ್ಮಲ್ಲೂ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ, ಇರಲಿ. ಆದರೆ ಆ ಕಥೆ ಆ ನಟರಿಗೆ ಏಕೆ ಬೇಕಾಯಿತು ಎಂಬುದನ್ನು ತಿಳಿದುಕೊಳ್ಳಬೇಕು. ವಿಕಲತೆ ಇರುವವರು ಬದುಕಲು ಅರ್ಹರಲ್ಲ ಎಂದು ನಿರ್ಧರಿಸಿದ್ದ ನಾಜಿ ಸರ್ಕಾರ, 1940-41ರಲ್ಲಿ ವಿಷಾನಿಲದ ಕೋಣೆಗಳಿದ್ದ ಆರು ಕೇಂದ್ರಗಳಲ್ಲಿ 70,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಆ ಮೇಲೆಯೂ ಕೊಲ್ಲುವುದು ಬೇರೆ ರೀತಿಯಲ್ಲಿ ಮುಂದುವರಿಯಿತು. ಹಾಗಾಗಿ ಅದು ಅವರದೇ ಕಥೆ. ನಾಟಕದ ಒಳಗೆ ಇನ್ನೊಂದು ನಾಟಕವಿದೆ. ವಿಕಲತೆ ಇಲ್ಲದ ಒಬ್ಬ ನಿರ್ದೇಶಕ ಈ ನಟರಿಗೆ ತಾಲೀಮು ಮಾಡಿಸುತ್ತ ಬರಬರುತ್ತ ದಬ್ಬಾಳಿಕೆಗೆ ಇಳಿಯುತ್ತಾನೆ. ಇವರಿಗೆ ನಟನೆ ಯಾವುದು, ನಿಜ ಯಾವುದು ಎಂದು ತಿಳಿಯುತ್ತದೆಯೇ ಎಂಬ ಪ್ರಶ್ನೆ ಅವರ ಎದುರಿಗೇ ಏಳುತ್ತದೆ. ನಮ್ಮಂತೆ ಒಳ್ಳೆಯ ಮನಸ್ಸಿನಿಂದ ನಾಟಕ ಆಡಿಸಲು ಹೊರಟವರೆಲ್ಲ ನೋಡಬೇಕಾದ ಪಾತ್ರ ಆ ನಿರ್ದೇಶಕನದು.

ನಮ್ಮ ಶನಿವಾರದ ಹಾಲಿಗೆ ಮರಳೋಣ. ನಮ್ಮ ತಂಡಕ್ಕೂ ಜೀಲಾಂಗ್‌ನ ಕಲಾವಿದರಿಗೂ ಹೋಲಿಕೆ ಇಲ್ಲ. ಅವರು ನುರಿತವರು, ನಮ್ಮವರು ಈಗ ಹೆಜ್ಜೆ ಇಡುತ್ತಿರುವವರು. ನಮಗೆ ಮೊದಲು ಕಷ್ಟವಾದದ್ದು "ಹೂಂ" ಎಂಬ ಮಾತು. ರಾಜನ ಪಾತ್ರ ಮಾಡ್ತೀರಾ? ಹೂಂ. ಬೇಡವಾ? ಹೂಂ. ಟೀ ಬೇಕಾ? ಹೂಂ. ಬೌದ್ಧಿಕ ವಿಕಲತೆ ಇರುವವರು ಕೇಳಿದವರ ಮನಸ್ಸಿಗೆ ಒಪ್ಪುವಂತೆ ಹೂಂ ಎನ್ನುವುದು ಹೆಚ್ಚು ಎಂಬುದು ಸಂಶೋಧಕರಿಗೆ 1980ರ ದಶಕದಿಂದಲೂ ಗೊತ್ತಿರುವ ವಿಷಯ. ಹುಟ್ಟಿದಾರಭ್ಯ ಬೇರೆಯವರೇ ಎಲ್ಲವನ್ನೂ ತೀರ್ಮಾನಿಸಿದಾಗ ಹೂಂ ಎನ್ನುವುದೇ ಸುಲಭ ತಾನೆ? ಅದಕ್ಕೇ ನಾವು ಹೌದು ಇಲ್ಲ ಎನ್ನಿಸುವ ಪ್ರಶ್ನೆಗಳನ್ನು ಬಿಟ್ಟೆವು. ಮೂರು ಟೋಪಿ ಮುಂದಿಡುತ್ತೇವೆ, ಒಂದನ್ನು ಅವರು ಎತ್ತಿಕೊಳ್ಳುತ್ತಾರೆ. ಆಮೇಲೆ ಕಾಯುತ್ತೇವೆ. ಈ ಕಾಯುವುದು ನಾಟಕದವರಿಗೆ ಬಹಳ ಕಷ್ಟ. ರಂಗದ ಮೇಲೆ ಐದು ಸೆಕೆಂಡ್ ಮೌನವಾದರೆ ಪ್ರಾಂಪ್ಟರ್ ಚಡಪಡಿಸುತ್ತಾನೆ. ಇಲ್ಲಿ ಇಪ್ಪತ್ತು, ಮೂವತ್ತು ಸೆಕೆಂಡ್ ಕಾದರೆ ಒಂದು ಮಾತು ಬರುತ್ತದೆ. ನಡುವೆ ಯಾರಾದರೂ ಬಾಯಿ ಹಾಕಿದರೆ ಅದು ವಾಪಸ್ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಬ್ರೆಜಿಲ್ ದೇಶದ ರಂಗಕರ್ಮಿ ಅಗಸ್ಟೋ ಬೋಲ್ (1931-2009) ಬೆಳೆಸಿದ "ಫೋರಂ ಥಿಯೇಟರ್" ಎಂಬ ಪದ್ಧತಿ ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಒಬ್ಬರಿಗೆ ಅನ್ಯಾಯವಾಗುವ ಒಂದು ಸಣ್ಣ ದೃಶ್ಯ ಆಡುವುದು; ಮತ್ತೆ ಆಡುವಾಗ ನೋಡುವವರಲ್ಲಿ ಯಾರು ಬೇಕಾದರೂ "ನಿಲ್ಲಿಸಿ" ಎಂದು ಎದ್ದು ಬಂದು, ಆ ಪಾತ್ರದ ಜಾಗದಲ್ಲಿ ನಿಂತು, ಬೇರೆ ರೀತಿ ಮಾಡಿ ತೋರಿಸುವುದು. ನಾವು ಇದನ್ನು ಬಸ್ ಸ್ಟಾಪ್, ಡಾಕ್ಟರ ಕೋಣೆ, ಊಟದ ಮನೆ ಇಂಥ ದೃಶ್ಯಗಳಿಗೆ ಬಳಸಿದೆವು.

ಊಟದ ಮನೆಯ ದಿನ ನಡೆದದ್ದನ್ನು ಹೇಳಬೇಕು. ಆ ಮೂವತ್ತಾರು ವರ್ಷದವರು ಮೂಲೆಯಲ್ಲಿದ್ದ ಒಂದು ಶಾಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡರು. ತಾನು ಅಮ್ಮ ಎಂದರು. ಇನ್ನೊಬ್ಬರು ಮಗನಾಗಿ ಕೂತರು, ನಮ್ಮಲ್ಲಿ ಒಬ್ಬರು ಬಡಿಸುವ ಆಂಟಿ. "ಇನ್ನೊಂದು ಚಪಾತಿ ಹಾಕಲಾ?" ಎಂದು ಆಂಟಿ ಮಗನನ್ನು ಕೇಳಿದರು. ಮಗ ಬಾಯಿ ತೆರೆಯುವ ಮುಂಚೆಯೇ ಶಾಲು ಹೊದ್ದ ಅಮ್ಮ, "ಅವನಿಗೆ ಸಾಕು. ಅವನಿಗೆ ಖಾರ ಆಗಲ್ಲ. ಉಪ್ಪಿನಕಾಯಿ ಬೇಡ. ಅವನು ಬೇಗ ಮಲಗಬೇಕು" ಎಂದರು. ಧ್ವನಿ, ಕೈ ಆಡಿಸುವುದು, ಕೊನೆಯಲ್ಲಿ ಕನ್ನಡಕ ಸರಿಮಾಡಿಕೊಳ್ಳುವುದು, ಎಲ್ಲ ಅಚ್ಚು ಅವರ ತಾಯಿಯದೇ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಹಿಂದೆ ಟೀ ಸೋಸುತ್ತಿದ್ದ ತಾಯಿಯೂ ನಕ್ಕರು. ಎರಡನೆಯ ಸಲ ಅದೇ ದೃಶ್ಯ ಶುರುವಾದಾಗ "ಸ್ಟಾಪ್" ಎಂದವರು ಅವರೇ. ಶಾಲು ತೆಗೆದು ಬೇರೆಯವರಿಗೆ ಹೊದಿಸಿ, ತಾವು ಮಗನ ಕುರ್ಚಿಯಲ್ಲಿ ಕೂತರು. ಆಂಟಿ ಕೇಳಿದರು, ಹೊಸ ಅಮ್ಮ "ಅವನಿಗೆ ಸಾಕು" ಎಂದರು. ಅವರು ಅಂಗೈ ಎತ್ತಿ ಹಿಡಿದು, ಸ್ವಲ್ಪ ಹೊತ್ತು ಹುಡುಕಿ, "ಅಮ್ಮಾ, ಅವರು ಕೇಳಿದ್ದು ನನ್ನನ್ನ" ಎಂದರು.

ಈ ಸಂಗತಿಯನ್ನು ಸಂಘದಲ್ಲಿ ಹೇಳಬಹುದೇ ಎಂದು ತಾಯಿ ಮಗ ಇಬ್ಬರನ್ನೂ ಕೇಳಿದ್ದೇವೆ. ಹೇಳಿ, ಹೆಸರು ಬೇಡ ಎಂದರು. ಆ ಮನೆಯಲ್ಲಿ ಈಗ ಉಪ್ಪಿನಕಾಯಿಯ ಖರ್ಚು ಜಾಸ್ತಿಯಾಗಿದೆಯಂತೆ. ತಾಯಿ ಇನ್ನೂ ಒಂದು ಮಾತು ಹೇಳಿದರು: ಇಷ್ಟು ವರ್ಷ ಇವನನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ, ಇವನೂ ನನ್ನನ್ನು ನೋಡುತ್ತಾ ಕೂತಿದ್ದ.

ಆ ಮಾತು ಕನ್ನಡದಲ್ಲಿ ಬಂತು ಎಂಬುದನ್ನೂ ನಿಮಗೆ ನೆನಪು ಮಾಡಬೇಕು. ಇಂಥ ಮಕ್ಕಳಿರುವ ನಮ್ಮ ಎಷ್ಟೋ ಮನೆಗಳಿಗೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ, ಮಗುವಿನ ಹತ್ತಿರ ಇಂಗ್ಲಿಷ್ ಒಂದನ್ನೇ ಮಾತಾಡಿ, ಎರಡು ಭಾಷೆಯಾದರೆ ಗೊಂದಲವಾಗುತ್ತದೆ ಎಂದು ಸಲಹೆ ಕೊಟ್ಟಿದ್ದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಪರೀಕ್ಷಿಸಿ ಕೆನಡಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳಿಂದ ಅವರ ಭಾಷಾ ಬೆಳವಣಿಗೆಗೆ ಹಾನಿಯಾದದ್ದು ಕಂಡುಬರಲಿಲ್ಲ. ಅಷ್ಟರಲ್ಲಿ ನಮ್ಮ ಮಕ್ಕಳು ದೊಡ್ಡವರಾಗಿದ್ದರು. ಅಕ್ಕ ತಂಗಿಯರಿಗೆ ಕನ್ನಡ ಶಾಲೆ, ಇವರಿಗೆ ಇಲ್ಲ. ಅಜ್ಜಿ ಊರಿನಿಂದ ಬಂದು ಆರು ತಿಂಗಳಿದ್ದರೂ ಮಾತಿಲ್ಲ. ಹಾಗಿದ್ದೂ, ನಾಟಕದಲ್ಲಿ ಅಡಿಗೆಮನೆಯ ದೃಶ್ಯ, ಸಿಟ್ಟಿನ ದೃಶ್ಯ ಬಂದಾಗ ಎಲ್ಲಿಂದಲೋ ಕನ್ನಡ ಬರುತ್ತದೆ. ಇವರಿಗೆ ಕನ್ನಡ ಗೊತ್ತಿಲ್ಲ ಎಂದು ಎಲ್ಲರೂ ಅವರ ಎದುರೇ ಕನ್ನಡದಲ್ಲಿ ಮಾತಾಡಿಕೊಂಡಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು ಎಂದಾಯಿತು. ಸ್ವಲ್ಪ ಎಚ್ಚರಿಕೆಯಿಂದಿರಿ!

ಇದೆಲ್ಲ ಮನರಂಜನೆಗೆ ಮಾತ್ರವೇ ಎಂದು ಕೇಳುವವರಿದ್ದಾರೆ. ನಮ್ಮ ಮನಸ್ಸಿನಲ್ಲಿರುವ ಚಿಂತೆ ಬೇರೆ, ಅದು ಈ ಸಭೆಯಲ್ಲಿ ಕೆಲವರಿಗೆ ಹೇಳದೆಯೇ ಗೊತ್ತು. ನಮಗೆ ಅರವತ್ತು, ಎಪ್ಪತ್ತು ದಾಟುತ್ತಿದೆ. ಊರಿನಲ್ಲಾದರೆ ಅಣ್ಣ ತಮ್ಮಂದಿರು, ಚಿಕ್ಕಮ್ಮಂದಿರು ಇರುತ್ತಿದ್ದರು ಎನ್ನುತ್ತೇವೆ. ಈಗ ಅಲ್ಲೂ ಮನೆಗಳು ಚಿಕ್ಕವಾಗಿವೆ. ನಾವು ಹೋದ ಮೇಲೆ ಇವರಿಗೆ ಏನು ಇಷ್ಟ, ಏನು ಹೆದರಿಕೆ, ಎಲ್ಲಿ ನೋವು ಎಂದು ಹೇಳುವವರು ಯಾರು? ಅವರೇ ಹೇಳಬೇಕು. ಈ ದೇಶದ ಕಾನೂನೂ ಈಗ ಅವರನ್ನೇ ಕೇಳುತ್ತದೆ. 2013ರಲ್ಲಿ ಬಂದ ಎನ್‌ಡಿಐಎಸ್ ಯೋಜನೆ ಮೊದಲು ಪ್ರಯೋಗವಾದ ಜಾಗಗಳಲ್ಲಿ ಜೀಲಾಂಗ್ ಕೂಡ ಒಂದು. ಅದರ ಮುಖ್ಯ ಕಚೇರಿಯೂ ಅಲ್ಲೇ ಇದೆ. ಅದರ ಮೀಟಿಂಗುಗಳಲ್ಲಿ ನಿಮ್ಮ ಗುರಿ ಏನು, ನಿಮಗೆ ಏನು ಬೇಕು ಎಂದು ಕೇಳುತ್ತಾರೆ. ಹೂಂ ಎಂದಷ್ಟೇ ಹೇಳಿ ಬಂದರೆ ಬೇರೆ ಯಾರೋ ಅಂದಾಜು ಮಾಡಿ ಬರೆದುಕೊಳ್ಳುತ್ತಾರೆ. ನಮ್ಮ ತಂಡದ ಇಬ್ಬರು ಮೀಟಿಂಗಿಗೆ ಮೊದಲು ಅದೇ ದೃಶ್ಯವನ್ನು ನಾಲ್ಕು ಶನಿವಾರ ಆಡಿದರು. ಅಧಿಕಾರಿಯ ಪಾತ್ರಕ್ಕೆ ಪೈಪೋಟಿಯೇ ಆಯಿತು.

ಎಲ್ಲರಿಗೂ ಇದು ಹಿಡಿಸುತ್ತದೆ ಎಂದಲ್ಲ. ಒಬ್ಬರು ಮೂರು ವಾರ ಬಂದು, ನಾಟಕ ಬೇಡ, ಈಜು ಬೇಕು ಎಂದು ಬಿಟ್ಟುಹೋದರು. ಬೇಡ ಎಂದು ಸ್ಪಷ್ಟವಾಗಿ ಹೇಳಿ ಹೋದದ್ದಕ್ಕೆ ನಾವು ಚಪ್ಪಾಳೆ ತಟ್ಟಿ ಕಳಿಸಿದೆವು.

ಈ ವರ್ಷ ಸಂಘದ ವೇದಿಕೆಗೆ ಒಂದು ನಾಟಕ ಕಟ್ಟೋಣ ಎಂದಾಗ, ಗಣಪತಿಯ ಕಥೆ ಆಗಬಹುದು ಎಂದು ನಾವು ಹೇಳಿದೆವು. ಅವರು ಕೈ ಎತ್ತಿ ಮತ ಹಾಕಿ ಅದನ್ನು ತಳ್ಳಿಹಾಕಿದರು. ಅವರಿಗೆ ಬೇಕಾದದ್ದು ಮದುವೆ ಮನೆ. ತಂದೆ ತಾಯಿಯರಿಗೆ ಸ್ವಲ್ಪ ಕಸಿವಿಸಿ. "ನನ್ನ ಮದುವೆ ಯಾವಾಗ?" ಎಂಬ ಪ್ರಶ್ನೆಯನ್ನು ಪ್ರತಿ ಮದುವೆಯಿಂದ ಮನೆಗೆ ಬರುವಾಗ ಕಾರಿನಲ್ಲಿ ಕೇಳಿ, ಮಾತು ತಿರುಗಿಸಿದವರೇ ಎಲ್ಲರೂ. ನಲವತ್ತೊಂದು ವರ್ಷದ ಒಬ್ಬರು ಮದುಮಗಳ ಪಾತ್ರ ತಮ್ಮದೇ ಎಂದರು. ಎರಡು ಕುರ್ಚಿ ಹಾಕಿದ್ದೆವು. ಒಂದನ್ನು ಅವರೇ ಎತ್ತಿ ಪಕ್ಕಕ್ಕಿಟ್ಟು, ನಡುವಿನ ಕುರ್ಚಿಯಲ್ಲಿ ಕೂತರು. ಗಂಡು ಎಲ್ಲಿ ಎಂದು ಕೇಳಿದೆವು. "ಬೇಡ. ಫೋಟೋ ಬೇಕು" ಎಂದರು. ಒಬ್ಬೊಬ್ಬರೇ ಸಾಲಾಗಿ ಬಂದು, ತಮ್ಮ ಹೆಸರು ಹೇಳಿ, ಕೈ ಕುಲುಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗಬೇಕು. ಅವರು ನಗುತ್ತ ಕೂತಿರಬೇಕು. ಅದೇ ನಾಟಕದ ಮುಖ್ಯ ದೃಶ್ಯವಾಗಿದೆ. ಇತರ ಹೆಣ್ಣುಮಕ್ಕಳ ಆಸೆ ಬೇರೆ ಇರಬಹುದು, ಗಂಡು ಬೇಕು ಎನ್ನುವವರೂ ತಂಡದಲ್ಲಿ ಇದ್ದಾರೆ. ಅದಕ್ಕೆ ಇನ್ನೊಂದು ದೃಶ್ಯವಿದೆ, ಈಗಲೇ ಹೇಳುವುದಿಲ್ಲ.

ನಾಟಕ ಇಪ್ಪತ್ತೈದು ನಿಮಿಷ. ದೀಪಾವಳಿಯ ಕಾರ್ಯಕ್ರಮದಲ್ಲಿ ಊಟಕ್ಕೆ ಮುಂಚೆ ಜಾಗ ಕೊಡುವುದಾಗಿ ಅಧ್ಯಕ್ಷರು ಒಪ್ಪಿದ್ದಾರೆ, ಅವರಿಗೆ ಕೃತಜ್ಞತೆಗಳು. ನಿರೂಪಣೆ ಮಾಡುವವರಲ್ಲಿ ವಿನಂತಿ: "ವಿಶೇಷ ಮಕ್ಕಳಿಂದ" ಎಂದು ಹೇಳಬೇಡಿ, ಕಲಾವಿದರ ಹೆಸರುಗಳನ್ನು ಓದಿ. ದೀಪಗಳನ್ನು ಪೂರ್ತಿ ಆರಿಸುವುದು ಬೇಡ, ಮೈಕು ಕಿರುಚದಂತೆ ನೋಡಿಕೊಳ್ಳಿ, ಪಕ್ಕದಲ್ಲಿ ಒಂದು ಸದ್ದಿಲ್ಲದ ಕೋಣೆ ಇರಲಿ. ಪ್ರೇಕ್ಷಕರು ನಡುವೆ ಎದ್ದು ಓಡಾಡಬಹುದು, ಮಾತಾಡಬಹುದು. ಇಲ್ಲಿನ ಥಿಯೇಟರುಗಳಲ್ಲಿ ಇದನ್ನು "ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್" ಎನ್ನುತ್ತಾರೆ. ನಮ್ಮ ಸಂಘದ ಕಾರ್ಯಕ್ರಮಗಳು ಹುಟ್ಟಿದಾಗಿನಿಂದಲೂ ಹಾಗೆಯೇ ನಡೆಯುತ್ತಿವೆ. ನಗು ಬಂದರೆ ನಗಿ, ಅವರು ನಗಿಸಲೆಂದೇ ಕಟ್ಟಿದ್ದಾರೆ. ಮೌನವಾದರೆ ಮಾತ್ರ ದಯವಿಟ್ಟು ಚಪ್ಪಾಳೆ ತಟ್ಟಿ ತುಂಬಿಸಬೇಡಿ, ಮಾತು ಬರುತ್ತಿರುತ್ತದೆ.

ಮದುವೆ ಮನೆಗೆ ಒಂದು ಹಳೆಯ ರೇಷ್ಮೆ ಸೀರೆ, ಎರಡು ಮೈಸೂರು ಪೇಟ, ಒಂದು ನಾದಸ್ವರದ ಕ್ಯಾಸೆಟ್ಟೋ ಸಿ.ಡಿ.ಯೋ, ಮತ್ತು ಫ್ಲ್ಯಾಷ್ ಇರುವ ಕ್ಯಾಮೆರಾ ಬೇಕಾಗಿದೆ. ಫೋನಿನಲ್ಲಿ ತೆಗೆದರೆ ಆಗದಂತೆ, ಮದುಮಗಳು ಹೇಳಿದ್ದಾರೆ. ಯಾರ ಮನೆಯಲ್ಲಾದರೂ ಇದ್ದರೆ ಊಟದ ಹೊತ್ತಿನಲ್ಲಿ ನಮ್ಮಲ್ಲಿ ಯಾರಿಗಾದರೂ ತಿಳಿಸಿ.